ಹೊಟ್ಟೆಗೆ ಬ್ಯಾಂಡ್ ಹಾಕಿಸಿ 19 ದಿನ. ಹಸಿವು ವಾಪಸ್ ಬಂದಿದೆ, ಒಂದು ತಪ್ಪೂ ಮಾಡಿದ್ದೇನೆ

ನಾಗಮಂಗಲದವಳು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ನನಗೆ 44 ವರ್ಷ. ಊರು ನಾಗಮಂಗಲದ ಹತ್ತಿರ, ಈಗ ಇರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಪ್ರೈಮರಿ ಶಾಲೆಯಲ್ಲಿ ಟೀಚರ್‌ಗೆ ಸಹಾಯಕಿ. ಎತ್ತರ 158 ಸೆಂ.ಮೀ., ತೂಕ 108 ಕೆ.ಜಿ. ಇತ್ತು. ಸಕ್ಕರೆ ಕಾಯಿಲೆ ಆರು ವರ್ಷದಿಂದ ಇದೆ, ಮಂಡಿ ನೋವು ಅದಕ್ಕಿಂತ ಹಳೆಯದು. ತೂಕ ಇಳಿಸಲು ಜೂನ್ ಮೊದಲ ವಾರ ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದರಲ್ಲಿ ಹೊಟ್ಟೆ ಚೀಲವನ್ನು ಕತ್ತರಿಸುವುದಿಲ್ಲ. ಅದರ ಮೇಲ್ಭಾಗಕ್ಕೆ ಬಳೆ ತೊಡಿಸಿದ ಹಾಗೆ ಒಂದು ಸಿಲಿಕೋನ್ ಪಟ್ಟಿ ಸುತ್ತುತ್ತಾರೆ. ಪಟ್ಟಿಯ ಒಳಗಡೆ ಸೈಕಲ್ ಟ್ಯೂಬ್ ಇದ್ದ ಹಾಗೆ. ಅಲ್ಲಿಂದ ಒಂದು ಸಣ್ಣ ಕೊಳವೆ ಬಂದು ಚರ್ಮದ ಕೆಳಗಿನ ಪೋರ್ಟ್‌ಗೆ ಸೇರುತ್ತದೆ. ಪೋರ್ಟ್‌ಗೆ ಸೂಜಿ ಹಾಕಿ ಸಲೈನ್ ತುಂಬಿದರೆ ಬಿಗಿ, ತೆಗೆದರೆ ಸಡಿಲ. ನನ್ನ ಪೋರ್ಟ್ ಹೊಕ್ಕುಳಿನ ಎಡಕ್ಕೆ, ಸ್ವಲ್ಪ ಮೇಲೆ ಇದೆ. ಕೈ ಇಟ್ಟರೆ ಕೋಟಿನ ಗುಂಡಿ ಸಿಕ್ಕಿದ ಹಾಗೆ ಆಗುತ್ತದೆ. ಈಗ ಬ್ಯಾಂಡ್ ಖಾಲಿ. ಮೊದಲ ಫಿಲ್, ಅಂದರೆ ಸಲೈನ್ ತುಂಬುವುದು, ಆರನೇ ವಾರಕ್ಕೆ.

ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ಹಾಲು ಕುಡಿಸಿದರು, ದಿನಕ್ಕೆ ಮೂರು ಪೈಂಟ್. ಲಿವರ್ ಕುಗ್ಗಬೇಕಂತೆ. ದಪ್ಪ ಲಿವರ್ ಹೊಟ್ಟೆ ಚೀಲದ ಮೇಲೆ ಮಲಗಿರುತ್ತದೆ, ಅದನ್ನು ಎತ್ತಿ ಹಿಡಿಯದೆ ಡಾಕ್ಟರಿಗೆ ಕೆಲಸ ಮಾಡಲು ಆಗುವುದಿಲ್ಲವಂತೆ. ನಮ್ಮ ಮನೆಯಲ್ಲಿ ಎರಡು ಎಮ್ಮೆ ಇದ್ದವು, ಆದರೂ ನಾನು ಇಷ್ಟು ಹಾಲು ಕಂಡವಳಲ್ಲ. 108 ಇದ್ದದ್ದು ಆಪರೇಷನ್ ದಿನ 102ಕ್ಕೆ ಬಂತು.

ಆಪರೇಷನ್ ಬಗ್ಗೆ ಹೇಳುವುದು ಏನೂ ಇಲ್ಲ, ಮಾರನೇ ದಿನವೇ ಮನೆಗೆ ಬಂದೆ. ಆದರೆ ತೂತು ಮಾಡಿದ್ದು ಹೊಟ್ಟೆಯಲ್ಲಿ, ನೋವು ಬಂದದ್ದು ಭುಜದಲ್ಲಿ! ಒಳಗೆ ತುಂಬಿದ ಗ್ಯಾಸ್ ಕರಗುವವರೆಗೆ ಹಾಗೇ ಅಂದರು. ಓಂಕಾಳಿಗೆ ಹೋಗುವ ಗ್ಯಾಸ್ ಅಲ್ಲ ಇದು. ಮನೆಯೊಳಗೇ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದು ನಡೆದು ನಾಲ್ಕನೇ ದಿನಕ್ಕೆ ಹೋಯಿತು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಹೊಟ್ಟೆಗೆ ಇಂಜೆಕ್ಷನ್ ಬೇರೆ. ನಾನೇ ಚುಚ್ಚಿಕೊಳ್ಳಬೇಕು. ಮಗ ಬಾಗಿಲ ಆಚೆ ನಿಂತು ಒಂದು, ಎರಡು, ಮೂರು ಎಣಿಸುತ್ತಿದ್ದ. ಒಳಗೆ ಬಾರೋ ಅಂದರೆ ಬರುತ್ತಿರಲಿಲ್ಲ.

ಮೊದಲ ಎರಡು ವಾರ ಬರೀ ನೀರಾಗಿರುವುದು. ಸೋಸಿದ ಬೇಳೆ ಕಟ್ಟು, ತಿಳಿ ಸಾರು, ಮಜ್ಜಿಗೆ, ಹಾಲು. ಸಾರಿನಲ್ಲಿ ಒಂದು ಸಾಸಿವೆ ಕಾಳು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಬೆಲ್‌ಗ್ರೇವ್ ರೋಡಿನ ಅಂಗಡಿಯಿಂದ ರಾಗಿ ಹಿಟ್ಟು ತಂದು ತೆಳ್ಳಗೆ ಅಂಬಲಿ ಕಾಯಿಸಿಕೊಂಡೆ. ಲೋಟದಲ್ಲಿ ಕುಡಿದರೆ ಗೊತ್ತಿಲ್ಲದೆ ದೊಡ್ಡ ಗುಟುಕು ಹೋಗಿಬಿಡುತ್ತದೆ, ಅಲ್ವಾ? ಮಗ ಕೂಸಾಗಿದ್ದಾಗ ಅಮ್ಮ ಕಳಿಸಿದ್ದ ಬೆಳ್ಳಿ ಒಳಲೆ ಅಟ್ಟದ ಡಬ್ಬಿಯಲ್ಲಿತ್ತು. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅದರಲ್ಲೇ ಕುಡಿದೆ. ಹದಿನಾಲ್ಕು ವರ್ಷದ ಮಗ ನೋಡಿ ನಕ್ಕ. ನಗಲಿ.

ಆ ಎರಡು ವಾರ ಹಸಿವೇ ಇರಲಿಲ್ಲ. ಬೆಳಗಿನ ಸಕ್ಕರೆ 10.2 ಇದ್ದದ್ದು 6.4ಕ್ಕೆ ಇಳಿಯಿತು. ಊರಿನ ಲೆಕ್ಕದಲ್ಲಿ 184 ಇದ್ದದ್ದು 115 ಅಂದುಕೊಳ್ಳಿ. ಒಂದು ಮಾತ್ರೆ ನಿಲ್ಲಿಸಿದರು. ಗೆದ್ದೆ ಅಂದುಕೊಂಡೆ.

ಹದಿನೈದನೇ ದಿನ ಬೆಳಿಗ್ಗೆ ಎದ್ದರೆ ಹಸಿವು. ಸಣ್ಣ ಹಸಿವಲ್ಲ, ಗದ್ದೆ ಕೆಲಸ ಮಾಡಿ ಬಂದವರ ಹಸಿವು. ಈಗ ನುಣ್ಣಗೆ ರುಬ್ಬಿದ ಊಟದ ಹಂತ. ನಾಲ್ಕು ಚಮಚ ತಿಂದರೆ ಸಾಕಾಗುತ್ತದೆ ಅಂದಿದ್ದರು. ಎಂಟು ತಿಂದರೂ ಒಂದು ಗಂಟೆಗೆ ಮತ್ತೆ ಬೇಕು. ತೂಕ 98.4ಕ್ಕೆ ಬಂದು ನಾಲ್ಕು ದಿನದಿಂದ ಅಲ್ಲೇ ಕೂತಿದೆ.

ಈಗ ತಪ್ಪಿನ ವಿಷಯ. ಮೊನ್ನೆ, ಹದಿನೇಳನೇ ದಿನ, ಸಂಜೆ ಒಲೆ ಮುಂದೆ ನಿಂತು ಚಪಾತಿ ಬೇಯಿಸುತ್ತಿದ್ದೆ. ಮಗ ಬಿಟ್ಟುಹೋದ ಒಂದು ಚೂರು ತಟ್ಟೆಯಲ್ಲಿತ್ತು, ತುಪ್ಪ ಸವರಿದ್ದು. ಯೋಚನೆಯೇ ಮಾಡಲಿಲ್ಲ, ಬಾಯಿಗೆ ಹಾಕಿಕೊಂಡೆ. ಎರಡು ಬೆರಳಿನಷ್ಟು ಅಗಲ, ಅಷ್ಟೇ. ಅರ್ಧ ನಿಮಿಷಕ್ಕೆ ಎದೆಯ ಮಧ್ಯದ ಮೂಳೆಯ ಹಿಂದೆ ಯಾರೋ ಮುಷ್ಟಿ ಇಟ್ಟು ಒತ್ತಿದ ಹಾಗಾಯಿತು. ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ನೊರೆ ನೊರೆಯಾಗಿ, ಮೊಟ್ಟೆಯ ಬಿಳಿ ಇದ್ದ ಹಾಗೆ ಅಂಟು. ನಲವತ್ತು ನಿಮಿಷ ಸಿಂಕ್ ಹಿಡಿದು ನಿಂತಿದ್ದೆ. ಕೊನೆಗೆ ಅದು ಹೇಗೆ ಹೋಯಿತೋ ಹಾಗೇ ವಾಪಸ್ ಬಂತು. ಒಲೆಯ ಮೇಲಿದ್ದ ಚಪಾತಿ ಕರಕಲಾಗಿ ಹೊಗೆ ಅಲಾರಂ ಬೇರೆ ಹೊಡೆದುಕೊಂಡಿತು.

ಬ್ಯಾಂಡ್ ಜಾರಿರಬಹುದಾ? ನೀರು, ಅಂಬಲಿ ಇಳಿಯುತ್ತಿದೆ, ನೋವಿಲ್ಲ. ನರ್ಸ್‌ಗೆ ಫೋನ್ ಮಾಡಲು ನಾಚಿಕೆ. ಹದಿನೇಳು ದಿನ ತಡೆಯಲು ಆಗಲಿಲ್ಲವಾ ಅಂತಾರೆ. ಗಂಡನಿಗೂ ಹೇಳಿಲ್ಲ.

ಇನ್ನೊಂದು. ಡಿಸೆಂಬರ್‌ನಲ್ಲಿ ಅಣ್ಣನ ಮಗಳ ಮದುವೆ. ಹೋದ ಸಲ ವಿಮಾನದಲ್ಲಿ ಬೆಲ್ಟ್ ಸಾಲದೆ ಗಗನಸಖಿ ಇನ್ನೊಂದು ತುಂಡು ಬೆಲ್ಟ್ ಎತ್ತಿ ಹಿಡಿದುಕೊಂಡು ಬಂದಳು. ಎಲ್ಲರೂ ನೋಡಿದರು. ಈ ಸಲ ಆ ತುಂಡಿಲ್ಲದೆ ಕೂರಬೇಕು, ಮದುವೆಯಲ್ಲಿ ನೆಲದ ಪಂಕ್ತಿಯಲ್ಲಿ ಕೂತು ಯಾರ ಕೈಯೂ ಹಿಡಿಯದೆ ಏಳಬೇಕು. ನನ್ನ ಆಸೆ ಇಷ್ಟೇ. ಸುಳ್ಳು ಹೇಳುವುದಿಲ್ಲ, ಇನ್ನೊಂದಿದೆ. ನನ್ನ ಮದುವೆಯಲ್ಲಿ ನಾನು 54 ಕೆ.ಜಿ. ಇದ್ದೆ. ಪೂರ್ತಿ ಅಲ್ಲದಿದ್ದರೂ 60 ಆಗಬಹುದು ಅಂದುಕೊಂಡಿದ್ದೆ. ನರ್ಸ್ ಕಾಗದದ ಮೇಲೆ ಬರೆದು ತೋರಿಸಿದರು. ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ತೂಕದ ಅರ್ಧದಷ್ಟು ಹೋಗುತ್ತದೆ, ಅದಕ್ಕೂ ಎರಡು ವರ್ಷ ಬೇಕು ಅಂತ. ನನ್ನ ಎತ್ತರಕ್ಕೆ 62 ಸರಿಯಾದ ತೂಕ. 108ರಲ್ಲಿ 62 ಕಳೆದರೆ 46, ಅರ್ಧ 23. ಅಂದರೆ 85. ಆ 85ರ ಸುತ್ತ ಒಂದು ಸೊನ್ನೆ ಬರೆದು ಕಾಗದ ನನ್ನ ಕೈಗೆ ಕೊಟ್ಟರು.

ಕೊನೆಯದು, ನಗಬೇಡಿ. ಅಮ್ಮನಿಗೆ ಆಪರೇಷನ್ ವಿಷಯ ಹೇಳಿಲ್ಲ. ಊರಿಗೆ ಹೋದ ದಿನವೇ ಬಸ್ಸಾರು, ಮುದ್ದೆ ಇರುತ್ತದೆ. ಮುದ್ದೆ ನುಂಗುವುದು, ಅಗಿಯುವುದಲ್ಲ. ಬ್ಯಾಂಡ್ ಇರುವವರು ಇಪ್ಪತ್ತು ಸಲ ಅಗಿಯಬೇಕು. ಇಲ್ಲಿ ಯಾರಾದರೂ ಮುದ್ದೆ ತಿನ್ನುವವರು ಇದ್ದೀರಾ?

ಧಾರವಾಡ_ಅವ್ವ

ತಂಗಿ, ಮೊದಲು ನಾಳೆ ಬೆಳಿಗ್ಗೆ ನರ್ಸ್‌ಗೆ ಫೋನ್ ಮಾಡು. ನಾಚಿಕೆ ಆಮೇಲೆ ಪಡುವಿಯಂತೆ. ಅವರು ಇಂಥದ್ದನ್ನು ವಾರಕ್ಕೆ ಹತ್ತು ಕೇಳುತ್ತಾರೆ. ಒಂದು ಸಲ ಸಿಕ್ಕಿಕೊಂಡು ವಾಪಸ್ ಬಂದದ್ದಕ್ಕೆ ಬ್ಯಾಂಡ್ ಜಾರುವುದು ಅಪರೂಪ. ಆದರೆ ಈಗ ಅದರ ಸುತ್ತ ಇನ್ನೂ ಮಾಂಸ ಕೂಡಿಕೊಂಡು ಗಟ್ಟಿಯಾಗಿಲ್ಲ. ಪದೇ ಪದೇ ವಾಂತಿ ಆಗಬಾರದು, ಅದಕ್ಕೇ ಇಷ್ಟು ವಾರ ಪಥ್ಯ. ನೀರು ಇಳಿಯದಿದ್ದರೆ, ಉಗುಳು ನುಂಗಲು ಆಗದಿದ್ದರೆ, ಜ್ವರ ಬಂದರೆ, ಹೊಟ್ಟೆ ನೋವು ಜೋರಾದರೆ ಫೋನ್ ಅಲ್ಲ, ಸೀದಾ ಎಮರ್ಜೆನ್ಸಿಗೆ.

ನಾನು ಮೆಲ್ಬರ್ನ್‌ನಲ್ಲಿದ್ದೇನೆ. 2011ರಲ್ಲಿ ಹಾಕಿಸಿಕೊಂಡದ್ದು. ಆಗ ಇಲ್ಲಿ ತೂಕದ ಆಪರೇಷನ್ ಅಂದರೆ ಬ್ಯಾಂಡೇ. ನನ್ನದು ಇನ್ನೂ ಒಳಗಿದೆ. 112ರಿಂದ 81ಕ್ಕೆ ಬಂದು ಈಗ 84.

ನಿನ್ನ ಹಸಿವು ಸೋಲಲ್ಲ. ಮೊದಲ ಎರಡು ವಾರ ಹಸಿವು ಇರಲಿಲ್ಲ ಅಂದೆಯಲ್ಲ, ಅದು ಬ್ಯಾಂಡ್ ಮಾಡಿದ್ದಲ್ಲ. ಒಳಗೆ ಊತ ಇತ್ತು. ಊತ ಇಳಿಯಿತು, ದಾರಿ ತೆರೆಯಿತು. ಖಾಲಿ ಬ್ಯಾಂಡ್ ಅಂದರೆ ಬಾಗಿಲಿದೆ, ಚಿಲಕ ಹಾಕಿಲ್ಲ. ಈ ಮಧ್ಯದ ವಾರಗಳು ಎಲ್ಲರಿಗೂ ಹೀಗೇ. ನಾನು ನಾಲ್ಕನೇ ವಾರ ಕಾರಿನಲ್ಲಿ ಕೂತು ಅತ್ತಿದ್ದೇನೆ, ಮೊಮ್ಮಗಳ ಬಿಸ್ಕತ್ತಿನ ಪೊಟ್ಟಣ ನೋಡಿ. ಈಗ ತೂಕ ಇಳಿಸುವುದು ನಿನ್ನ ಕೆಲಸವಲ್ಲ, ಗಾಯ ಮಾಯಲು ಬಿಡುವುದು ನಿನ್ನ ಕೆಲಸ.

ಚಪಾತಿ ವಿಷಯ ಕೇಳು. ಮೆತ್ತಗಿರುವುದು ಸುಲಭ ಅಂದುಕೊಳ್ಳುತ್ತೇವೆ, ಬ್ಯಾಂಡ್‌ನಲ್ಲಿ ಉಲ್ಟಾ. ಚಪಾತಿ, ಹೊಸ ಬ್ರೆಡ್ಡು ಬಾಯಲ್ಲಿ ಮತ್ತೆ ಹಿಟ್ಟಿನ ಉಂಡೆಯಾಗಿ ಹೋಗಿ ಕೂತುಬಿಡುತ್ತವೆ. ಅಂಟು ಅನ್ನವೂ ಅಷ್ಟೇ. ನನಗೆ ಹನ್ನೆರಡು ವರ್ಷದಿಂದ ಚಪಾತಿ ಇಳಿದಿಲ್ಲ, ಆದರೆ ಖಡಕ್ ರೊಟ್ಟಿ ಇಳಿಯುತ್ತದೆ! ಕುರುಂ ಕುರುಂ ಅಂತ ಪುಡಿಯಾಗುವವರೆಗೆ ಅಗಿಯುತ್ತೇವಲ್ಲ. ನಮ್ಮ ಅಕ್ಕ ಧಾರವಾಡದಿಂದ ಕಳಿಸುತ್ತಾಳೆ. ನೀನು ಈಗಲೇ ಶುರು ಮಾಡಬೇಡ ಮತ್ತೆ, ಗಟ್ಟಿ ಊಟದ ಹಂತ ಬರಲಿ. ಒಲೆ ಮುಂದೆ ನಿಂತು ತಿನ್ನುವುದು ಮಾತ್ರ ಇವತ್ತೇ ಬಿಡು. ಏನಿದ್ದರೂ ಕೂತು, ತಟ್ಟೆಗೆ ಹಾಕಿಕೊಂಡು, ಹೆಬ್ಬೆಟ್ಟಿನ ಉಗುರಿನಷ್ಟು ತುತ್ತು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು.

ಒಂದು ಗುಟ್ಟು. ಬ್ಯಾಂಡಿಗೆ ಬುದ್ಧಿ ಇಲ್ಲ. ಒಳ್ಳೆ ಕೋಳಿ ತುಂಡನ್ನು ತಡೆಯುತ್ತದೆ, ಧಾರವಾಡ ಪೇಢೆಯನ್ನು ಸಲಾಂ ಹೊಡೆದು ಒಳಗೆ ಬಿಡುತ್ತದೆ. ಬಾಯಲ್ಲಿ ಕರಗುವುದೆಲ್ಲ ಹಾಗೇ. ಐಸ್‌ಕ್ರೀಮು, ಚಾಕಲೇಟು, ಮೈಸೂರು ಪಾಕು. ಆ ಮೂರು ಕೆ.ಜಿ. ನನಗೆ ವಾಪಸ್ ಬಂದದ್ದು ಹಾಗೆ.

ಮುದ್ದೆ ನನಗೆ ಗೊತ್ತಿಲ್ಲಪ್ಪ. ನಾವು ರೊಟ್ಟಿ ಮಂದಿ.

ರಾಜಾಜಿನಗರ_38

ಮೇಡಂ, ತಪ್ಪು ತಿಳಿಯಬೇಡಿ, ಬ್ಯಾಂಡ್ ಯಾಕೆ ಹಾಕಿಸಿಕೊಂಡಿರಿ? ನಾನು ಬೆಂಗಳೂರಿನಲ್ಲಿ ಸ್ಲೀವ್ ಮಾಡಿಸಿಕೊಂಡೆ. ಬ್ಯಾಂಡ್ ಕೇಳಿದಾಗ ನಮ್ಮ ಡಾಕ್ಟರು ಅದನ್ನು ಈಗ ಹಾಕುವುದೇ ಇಲ್ಲ ಅಂದರು. ಸ್ಲೀವ್‌ನಲ್ಲಿ ಹೊಟ್ಟೆ ಚೀಲದ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಹಸಿವಿನ ಹಾರ್ಮೋನು, ಗ್ರೆಲಿನ್ ಅಂತಾರೆ, ಅದು ಜಾಸ್ತಿ ಹುಟ್ಟುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ನನಗೆ ಮೊದಲ ಎಂಟು ತಿಂಗಳು ಹಸಿವು ಅಂದರೆ ಏನು ಅಂತ ಮರೆತುಹೋಗಿತ್ತು. ನಿಮ್ಮಲ್ಲಿ ಚೀಲ ಪೂರ್ತಿ ಇದೆ, ಹಾರ್ಮೋನೂ ಇದೆ, ಹಸಿವಾಗದೆ ಇನ್ನೇನು ಆಗುತ್ತದೆ.

ನನಗೆ ಒಂದು ವರ್ಷದಲ್ಲಿ 41 ಕೆ.ಜಿ. ಇಳಿಯಿತು. ಮೂರನೇ ತಿಂಗಳಿಂದ ಕೂದಲು ಹಿಡಿ ಹಿಡಿಯಾಗಿ ಉದುರಿತು. ಏಳನೇ ತಿಂಗಳಿಗೆ ತಾನೇ ನಿಂತಿತು. ಪ್ರೋಟೀನ್ ಬಿಡಬೇಡಿ, ದಿನಕ್ಕೆ 60 ಗ್ರಾಂ ಆದರೂ ಹೋಗಬೇಕು. ನೋವಿಗೆ ಐಬುಪ್ರೊಫೇನ್ ತರಹದ ಮಾತ್ರೆ ಮುಟ್ಟಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಧಾರವಾಡ_ಅವ್ವ

ತಮ್ಮಾ, ಹಾಕಿಸಿಕೊಂಡಾದ ಮೇಲೆ ಯಾಕೆ ಹಾಕಿಸಿಕೊಂಡಿ ಅಂತ ಕೇಳಬಾರದು. ಮದುವೆ ಆದ ಮೇಲೆ ವರನ ಜಾತಕ ನೋಡಿದ ಹಾಗಾಯಿತು.

ರಾಜಾಜಿನಗರ_38

ಸರಿ ಅಮ್ಮ, ಸಾರಿ. ಕೂದಲಿನ ವಿಷಯ ಮಾತ್ರ ಇಟ್ಟುಕೊಳ್ಳಿ.

ನಾಗಮಂಗಲದವಳು

ಪರವಾಗಿಲ್ಲ ಬಿಡಿ, ಎಲ್ಲರೂ ಕೇಳುತ್ತಾರೆ. ನನಗೆ ಕತ್ತರಿಸುವುದು ಅಂದರೆ ಭಯ. ಬೇಡ ಅನ್ನಿಸಿದರೆ ತೆಗೆಯಬಹುದು ಅನ್ನುವ ಒಂದು ಮಾತಿಗೆ ಬ್ಯಾಂಡ್ ಅಂದೆ. ನಮ್ಮಪ್ಪ ಆಪರೇಷನ್ ಟೇಬಲ್ ಮೇಲೆ ಹೋದವರು, ಬೇರೆ ಕಾಯಿಲೆಗೆ. ಅದು ತಲೆಯಲ್ಲಿ ಇತ್ತು.

ಕಡಲತಡಿ

ತೆಗೆಯಬಹುದು ಅನ್ನುವುದು ನಿಜ, ನನ್ನದು ತೆಗೆಸಿ ಆಯಿತು. ಹೆದರಿಸಲು ಬರೆಯುತ್ತಿಲ್ಲ. ಮಂಗಳೂರಿನವಳು ನಾನು. 2010ರಲ್ಲಿ ದುಬೈಯಲ್ಲಿ ಇದ್ದಾಗ ಹಾಕಿಸಿಕೊಂಡೆ. 30 ಕೆ.ಜಿ. ಇಳಿದೆ, ಎಂಟು ವರ್ಷ ಚೆನ್ನಾಗಿತ್ತು. ಆಮೇಲೆ ರಾತ್ರಿ ಮಲಗಿದರೆ ಹುಳಿ ನೀರು ಗಂಟಲಿಗೆ ಬರುವುದು, ಕೆಮ್ಮು, ಬೆಳಿಗ್ಗೆ ದಿಂಬು ಒದ್ದೆ. ಆರು ತಿಂಗಳು ಆ್ಯಸಿಡಿಟಿ ಅಂತ ಮಾತ್ರೆ ನುಂಗಿದೆ. ತೋರಿಸಿದ ಡಾಕ್ಟರೂ ಅದೇ ಅಂದರು, ಬ್ಯಾಂಡ್ ಇದೆ ಅಂದರೂ ಗಮನ ಕೊಡಲಿಲ್ಲ. ಕೊನೆಗೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಾಗ ಗೊತ್ತಾಯಿತು, ಬ್ಯಾಂಡ್ ಜಾರಿ ಮೇಲಿನ ಸಣ್ಣ ಚೀಲ ಊದಿಕೊಂಡಿತ್ತು. 2019ರಲ್ಲಿ ತೆಗೆದರು. 16 ಕೆ.ಜಿ. ವಾಪಸ್ ಬಂತು. ಆದರೂ ಆ ಎಂಟು ವರ್ಷದಲ್ಲಿ ಎರಡು ಮಕ್ಕಳಾದವು, ಸಕ್ಕರೆ ಬರಲಿಲ್ಲ. ಪಶ್ಚಾತ್ತಾಪ ಇಲ್ಲ.

ಹಾಗಾಗಿ ರಾತ್ರಿ ಕೆಮ್ಮು, ಹುಳಿ ನೀರು ಬಂದರೆ ಆ್ಯಸಿಡಿಟಿ ಅಂತ ಸುಮ್ಮನಿರಬೇಡಿ. ಬ್ಯಾಂಡ್ ಬಿಗಿ ಜಾಸ್ತಿ ಆಗಿರಬಹುದು ಅಥವಾ ಜಾರಿರಬಹುದು.

ಡಿಸೆಂಬರ್‌ಗೆ ಊರಿಗೆ ಬರುತ್ತೀರಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಹೊರಡುವ ವಾರ ಫಿಲ್ ಮಾಡಿಸಿಕೊಳ್ಳಬೇಡಿ. ಬಿಗಿ ಸರಿಯಾಗಿದೆಯಾ ಅಂತ ಗೊತ್ತಾಗಲು ಕೆಲವು ದಿನ ಬೇಕು, ವಿಮಾನದಲ್ಲಿ ಗೊತ್ತಾಗುವುದು ಬೇಡ. ಬ್ಯಾಂಡ್ ಯಾವ ಕಂಪನಿಯದು, ಎಷ್ಟು ಮಿಲಿ ಹಿಡಿಯುತ್ತದೆ, ಈಗ ಎಷ್ಟಿದೆ, ಎಲ್ಲ ಒಂದು ಪತ್ರದಲ್ಲಿ ಬರೆಸಿಕೊಂಡು ಬನ್ನಿ. ಊರಲ್ಲಿ ವಾಂತಿ ಶುರುವಾಗಿ ಬ್ಯಾಂಡ್ ಸಡಿಲ ಮಾಡಬೇಕಾದರೆ ನಾಗಮಂಗಲದಲ್ಲಿ ಆಗುವುದಿಲ್ಲ. ಬೆಂಗಳೂರಿನಲ್ಲಿ ಈ ಆಪರೇಷನ್ ಮಾಡುವವರನ್ನೇ ಹುಡುಕಬೇಕು. ಪೋರ್ಟ್‌ಗೆ ಮಾಮೂಲಿ ಇಂಜೆಕ್ಷನ್ ಸೂಜಿ ಹಾಕಲು ಬಿಡಬೇಡಿ. ಹ್ಯೂಬರ್ ಸೂಜಿ ಅಂತ ಬೇರೆ ಬರುತ್ತದೆ, ಅದು ರಬ್ಬರನ್ನು ಕೊರೆಯುವುದಿಲ್ಲ. ಬೇರೆ ಹಾಕಿದರೆ ಪೋರ್ಟ್ ಸೋರುತ್ತದೆ.

ಮತ್ತೆ ಆ 85. ನನಗೂ 85 ಅಂದಿದ್ದರು! ನಾನು ಅಳು ಮುಖ ಮಾಡಿಕೊಂಡು ಬಂದಿದ್ದೆ. ಎಂಬತ್ತೊಂಬತ್ತಕ್ಕೆ ಬಂದ ದಿನ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ, ಗಂಡ ತೋರಿಸಿದರು.

ನಾಗಮಂಗಲದವಳು

ಫೋನ್ ಮಾಡಿದೆ. ಬೈಯಲಿಲ್ಲ. ನೀರು ಇಳಿಯುತ್ತಿದೆಯಾ, ನೋವಿದೆಯಾ, ಜ್ವರ ಇದೆಯಾ ಕೇಳಿದರು. ಎರಡು ದಿನ ಮತ್ತೆ ಬರೀ ದ್ರವ, ಆಮೇಲೆ ರುಬ್ಬಿದ್ದು ಅಂದರು. ಚಪಾತಿ ಅಂದ ತಕ್ಷಣ ನಕ್ಕು, ನಮ್ಮ ಲೆಸ್ಟರ್‌ನಲ್ಲಿ ಎಲ್ಲರೂ ಮೊದಲು ತಪ್ಪುವುದು ಅದರಲ್ಲೇ ಅಂದರು. ಒಳಲೆ ಮತ್ತೆ ಹೊರಗೆ ಬಂತು. ಗಂಡನಿಗೂ ಹೇಳಿದೆ. ಈಗ ಚಪಾತಿ ಅವರೇ ಬೇಯಿಸುತ್ತಾರೆ. ಯಾವುದೂ ದುಂಡಗಿಲ್ಲ.

ನಾಗಮಂಗಲದವಳು

ಎಂಟನೇ ವಾರ. ಹೇಗಿದ್ದೇನೆ ಅಂತ ಬರೆಯುತ್ತಿದ್ದೇನೆ.

ಮೊದಲ ಫಿಲ್ ಆಯಿತು. 10 ಮಿಲಿ ಹಿಡಿಯುವ ಬ್ಯಾಂಡ್, 3 ಹಾಕಿದರು. ಮಲಗಿಸಿ ತಲೆ ಎತ್ತಿ ಅಂದರು, ಪೋರ್ಟ್ ಉಬ್ಬಿ ಬಂತು, ಚುಚ್ಚಿದರು. ರಕ್ತ ತೆಗೆಯುವುದಕ್ಕಿಂತ ಜಾಸ್ತಿ ನೋವಿಲ್ಲ. ಆಮೇಲೆ ಎದುರಿಗೇ ಒಂದು ಲೋಟ ನೀರು ಕುಡಿಸಿ, ಇಳಿಯಿತು ಅಂತ ನೋಡಿದ ಮೇಲೇ ಕಳಿಸಿದ್ದು. ಹಸಿವು ಪೂರ್ತಿ ಹೋಗಿಲ್ಲ, ಆದರೆ ಗದ್ದೆ ಹಸಿವಲ್ಲ ಈಗ. ಇನ್ನೂ ಎರಡು ಮೂರು ಫಿಲ್ ಬೇಕಾಗಬಹುದಂತೆ. ತೂಕ 95.8. ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಡಿಸೆಂಬರ್ ಹೊತ್ತಿಗೆ 86, 87. ಬೆಲ್ಟಿಗೆ ಸಾಕು ಅನ್ನಿಸುತ್ತದೆ. ಕಾರಿನ ಬೆಲ್ಟ್ ಆಗಲೇ ಹೊಟ್ಟೆ ಮೇಲೆ ಸಡಿಲವಾಗಿದೆ. ಆದರೆ ಪೋರ್ಟ್ ಮೇಲೆ ಒತ್ತುತ್ತದೆ ಅಂತ ಒಂದು ಚಿಕ್ಕ ಟವಲ್ ಮಡಚಿ ಇಟ್ಟುಕೊಳ್ಳುತ್ತೇನೆ.

ಶಾಲೆಗೆ ರಜೆ ಶುರುವಾಯಿತು. ಕೊನೆಯ ವಾರ ದಿನಾ ಒಂದು ಮಗುವಿನ ಹುಟ್ಟುಹಬ್ಬ, ದಿನಾ ಕೇಕ್. ತಿಂದೆ, ಒಂದು ದಿನ. ಅವ್ವ ಹೇಳಿದ ಹಾಗೆ ಸಲಾಂ ಹೊಡೆದು ಒಳಗೆ ಬಿಟ್ಟಿತು.

ಅಮ್ಮನಿಗೆ ಹೇಳಿಬಿಟ್ಟೆ. ವಿಡಿಯೊ ಕಾಲ್‌ನಲ್ಲಿ ಮುಖ ಇಳಿದಿದೆ, ಸಕ್ಕರೆ ಜಾಸ್ತಿಯಾ ಅಂತ ಅಳಲು ಶುರು ಮಾಡಿದರು. ಇನ್ನು ಮುಚ್ಚಿಡಲು ಆಗಲಿಲ್ಲ. ಹೊಟ್ಟೆಗೆ ಬಳೆ ಹಾಕಿದ್ದಾರೆ ಅಂದೆ. ಚಿನ್ನದ್ದಾ ಅಂದರು. ಪ್ಲಾಸ್ಟಿಕ್ ಥರದ್ದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮುದ್ದೆ ಕೇಳಿದೆ. ಗೋಲಿಯಷ್ಟು ಮುರಿದು, ಬಸ್ಸಾರಿನಲ್ಲಿ ಅದ್ದಿ, ಅಗಿದು ತಿನ್ನಬೇಕಮ್ಮ ಅಂದೆ.

"ಮುದ್ದೆ ಅಗಿಯೋದಾ? ಹಲ್ಲಿಗೆ ಮೆತ್ಕೊಳ್ತದೆ ಕಣೆ" ಅಂದರು. ಹಿಂದಿನಿಂದ ಅಣ್ಣ, "ಯಾರು ಮುದ್ದೆ ಅಗೀತಿರೋದು?" ಅಂತ ಕೇಳಿದ್ದು ಕೇಳಿಸಿತು. ಈಗ ಇಡೀ ಊರಿಗೆ ಗೊತ್ತು.